ಎರಡು ಸೀಮೆ ಹಸು, ನಾಲ್ಕು ಮೇಕೆ, ಒಂದಿಷ್ಟು ಕೋಳಿ: ಕಟ್ಟುವವರಿಗೆ ಹೇಳಬೇಕಾದದ್ದು

ಮೊದಲು ಹುಲ್ಲು ನೆಡಿ, ಆಮೇಲೆ ಹಸು ತನ್ನಿ. ನನ್ನ ತಂಗಿ ಮಗನಿಗೆ ನಾನು ಹೇಳಿದ ಮೊದಲ ಮಾತು ಇದೇ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರ್ತೀನಿ, ಎರಡು ಹಸು ಕಟ್ತೀನಿ, ಹೇಳ್ಕೊಡು ದೊಡ್ಡಮ್ಮ ಅಂತ ಬಂದು ಕೂತಿದ್ದ. ಫೋನಿನಲ್ಲಿ ದಿನಕ್ಕೆ 25 ಲೀಟರ್ ಕೊಡುವ ಹಸುಗಳ ಫೋಟೊ ತೋರಿಸಿದ. ಮೇವು ಎಲ್ಲಿಂದಪ್ಪಾ ಅಂದರೆ, 'ತಗೊಂಡರಾಯ್ತು ಅಲ್ವಾ?' ಅಂದ. ಮೇವು ಕೊಂಡು ಹಾಲು ಮಾರುವವರು ಬೇಸಿಗೆ ದಾಟುವಷ್ಟರಲ್ಲಿ ಹಸು ಮಾರುತ್ತಾರೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ನಾಗಮಂಗಲದ ಕಡೆ, ಎರಡೂವರೆ ಎಕರೆ. ರಾಗಿ, ಹುರುಳಿ, ಒಂದಷ್ಟು ತೆಂಗು, ಒಂದು ಬೋರು. ಕೊಟ್ಟಿಗೆ ನನ್ನ ಪಾಲಿಗೆ, ಹೊಲ ನಮ್ಮ ಯಜಮಾನರ ಪಾಲಿಗೆ.

ಎರಡು ಹಸು, ಅವುಗಳ ಕರುಗಳಿಗೆ ನೀರಿರುವ ಹತ್ತು ಹದಿನೈದು ಗುಂಟೆ ಸಾಕು. ಸಿಒ-4 ಅಥವಾ ಸೂಪರ್ ನೇಪಿಯರ್ ಅನ್ನುವ ಮೇವಿನ ಹುಲ್ಲಿನ ಕಡ್ಡಿ ತಂದು ಸಾಲಿನಲ್ಲಿ ನೆಡಿ. ಎರಡು ಗೆಣ್ಣು ಇರುವ ತುಂಡು, ಒಂದು ಗೆಣ್ಣು ಮಣ್ಣಿನೊಳಗೆ ಇರಲಿ. ಮೊದಲ ಕೊಯ್ಲಿಗೆ ಎರಡೂವರೆ ತಿಂಗಳು ಬೇಕು. ಆಮೇಲೆ 45 ದಿನಕ್ಕೊಮ್ಮೆ ಕೊಯ್ಯಬಹುದು. ಅದಕ್ಕೇ ಹೇಳಿದ್ದು, ಹುಲ್ಲು ಮೊದಲು ಅಂತ. ಕೊಯ್ಯುವಾಗ ನೆಲಕ್ಕೆ ಹತ್ತಿರ ಕೊಯ್ಯಿರಿ, ಕೊಟ್ಟಿಗೆ ತೊಳೆದ ನೀರನ್ನು ಅಲ್ಲಿಗೇ ಹರಿಸಿ. ಬರೀ ನೇಪಿಯರ್ ತಿನ್ನಿಸಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಾಲದು. ಪಕ್ಕದಲ್ಲಿ ಅಲಸಂದೆ ಚೆಲ್ಲಿ, ಬದುವಿನ ಮೇಲೆ ಅಗಸೆ ಹಾಕಿ. ಮೂರು ಪಾಲು ಹುಲ್ಲಿಗೆ ಒಂದು ಪಾಲು ಕಾಳಿನ ಜಾತಿಯ ಸೊಪ್ಪು.

ಒಣಮೇವಿಗೆ ರಾಗಿ ಹುಲ್ಲೇ ಸರಿ. ಭತ್ತದ ಹುಲ್ಲಿಗಿಂತ ರಾಗಿ ಹುಲ್ಲಿನಲ್ಲಿ ಸುಣ್ಣದ ಅಂಶ ಜಾಸ್ತಿ, ದನ ಇಷ್ಟಪಟ್ಟು ತಿನ್ನುತ್ತವೆ. ಕೊಯ್ಲಾದ ಕೂಡಲೇ ಚೆನ್ನಾಗಿ ಒಣಗಿಸಿ ಮೆದೆ ಹಾಕಿ. ಹಸಿ ಹುಲ್ಲಿನ ಮೆದೆ ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ಆ ಹುಲ್ಲು ಗಬ್ಬದ ಹಸುವಿಗೆ ಬೀಳಲೇಬಾರದು.

ಜೋಳದ ವಿಷಯ ಒಂದು ಹೇಳಲೇಬೇಕು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆ ಜೋಳ, ಇವೆರಡನ್ನೂ ಮೇಯಿಸಬೇಡಿ. ಅದರಲ್ಲಿ ವಿಷ ಇರುತ್ತದೆ, ಸೈನೈಡ್ ಅಂತಾರಲ್ಲ ಅದೇ. ಕಣ್ಣಿ ಬಿಚ್ಚಿಕೊಂಡು ಪಕ್ಕದ ಹೊಲಕ್ಕೆ ನುಗ್ಗಿದ ದನ ಸ್ವಲ್ಪ ಹೊತ್ತಿಗೆಲ್ಲ ಉಸಿರುಗಟ್ಟಿ ಬೀಳುತ್ತದೆ. ಇದಕ್ಕೆ ಇಂಜೆಕ್ಷನ್ ಇದೆ, ಆದರೆ ಡಾಕ್ಟರ್ ಬರುವಷ್ಟು ಹೊತ್ತು ಅದು ಉಳಿಯಬೇಕಲ್ಲ. ಜೋಳ ಹೂ ಬಿಟ್ಟ ಮೇಲೆ ಕೊಯ್ದು ಹಾಕಿದರೆ ತೊಂದರೆ ಇಲ್ಲ.

ಹಸು ಕೊಳ್ಳುವುದು

ಸಂತೆಗಿಂತ ಸಾಕಿದವರ ಮನೆ ಬಾಗಿಲಲ್ಲಿ ಕೊಳ್ಳುವುದು ಒಳ್ಳೆಯದು. ಎರಡನೇ ಕರು ಹಾಕಿ ತಿಂಗಳೊಳಗಿರುವ ಹಸು ಸಿಕ್ಕರೆ ಅದೇ ಸರಿ. ಕೆಚ್ಚಲು ದಪ್ಪಗಿದೆ ಅಂತ ಮರುಳಾಗಬೇಡಿ. ಮಾರುವವರು ಹಿಂದಿನ ಹೊತ್ತಿನ ಹಾಲು ಕರೆಯದೆ ಬಿಟ್ಟಿರುತ್ತಾರೆ. ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ, ಮೂರು ಹೊತ್ತು ನಿಮ್ಮ ಕಣ್ಣೆದುರು ಕರೆಸಿ. ನಾಲ್ಕೂ ತೊಟ್ಟನ್ನು ನೀವೇ ಹಿಂಡಿ ನೋಡಿ. ಒಂದು ತೊಟ್ಟು ಸತ್ತಿದ್ದರೆ ಆ ಹಸುವಿನ ಬೆಲೆಯೇ ಬೇರೆ. ಕಿವಿಯಲ್ಲಿ ಹಳದಿ ಓಲೆ ಇರುತ್ತದೆ, ಅದರ 12 ಅಂಕಿಯ ನಂಬರ್ ಬರೆದುಕೊಳ್ಳಿ. ಲಸಿಕೆ ಲೆಕ್ಕ, ಇನ್ಶೂರೆನ್ಸ್ ಎಲ್ಲಾ ಅದರ ಮೇಲೇ ನಡೆಯುವುದು. ತಂದ ಹಸುವನ್ನು ಎರಡು ಮೂರು ವಾರ ಬೇರೆ ಕಟ್ಟಿ.

ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ತಳಿಯದ್ದು ಹಾಲು ಜಾಸ್ತಿ, ಬಿಸಿಲು ತಡೆಯುವುದಿಲ್ಲ. ಜೆರ್ಸಿ ಚಿಕ್ಕದು, ತಿನ್ನುವುದೂ ಕಮ್ಮಿ, ಫ್ಯಾಟ್ ಜಾಸ್ತಿ, ನಮ್ಮ ಕಡೆಯ ಬಿಸಿಲಿಗೂ ಹೊಂದಿಕೊಳ್ಳುತ್ತದೆ. ನಮ್ಮಲ್ಲಿ ಗೌರಿ ಎಚ್‌ಎಫ್, ಕೆಂಪಿ ಜೆರ್ಸಿ. ಹೊಸಬರು ಜೆರ್ಸಿಯಿಂದ ಶುರು ಮಾಡಿ. ಹಳ್ಳಿಕಾರ್ ಹಸು ಸಾಕುವ ಆಸೆ ಇದ್ದರೆ ಸಾಕಿ, ಚೆಂದದ ದನ. ಆದರೆ ಅದು ಎತ್ತಿಗೆ ಹೆಸರಾದ ತಳಿ, ಹಾಲಿನ ಲೆಕ್ಕ ಹಾಕಬೇಡಿ.

ಬೆಳಿಗ್ಗೆ ಮೊದಲ ಐದು ನಿಮಿಷ

ಐದು ಗಂಟೆಗೆ ಕೊಟ್ಟಿಗೆ ಲೈಟು ಹಾಕಿದ ಕೂಡಲೇ ಪೊರಕೆ ಹಿಡಿಯಬೇಡಿ. ಸಗಣಿ ಬಾಚುವ ಮುಂಚೆ ಐದು ನಿಮಿಷ ಸುಮ್ನೆ ನಿಂತು ನೋಡಿ. ರಾತ್ರಿ ಏನಾಗಿದೆ ಅಂತ ಹೇಳುವುದು ಆ ಸಗಣಿ, ಆ ಗೊಂತು. ಬಾಚಿ ತೊಳೆದ ಮೇಲೆ ಏನೂ ತಿಳಿಯುವುದಿಲ್ಲ.

ನಾನು ನೋಡುವುದು ಇಷ್ಟು. ಗೊಂತಿನಲ್ಲಿ ಹುಲ್ಲು ಮಿಕ್ಕಿದೆಯಾ? ಯಾವುದು ಮಿಕ್ಕಿದೆ, ಕಡ್ಡಿ ಮಾತ್ರವೋ ಎಲೆಯೂ ಉಳಿದಿದೆಯೋ? ಸಗಣಿ ನೀರಾಗಿದೆಯಾ, ಗಟ್ಟಿ ಉಂಡೆಯಾಗಿದೆಯಾ? ನೀರಾದರೆ ಫೀಡು ಅಥವಾ ಎಳೆ ಹಸಿಮೇವು ಜಾಸ್ತಿಯಾಗಿದೆ, ಇಲ್ಲಾ ಹುಳ. ಗಟ್ಟಿಯಾದರೆ ನೀರು ಸಾಲುತ್ತಿಲ್ಲ. ಮೂಗಿನ ತುದಿ ಒದ್ದೆಯಾಗಿ ಹನಿ ಹನಿ ಇರಬೇಕು. ಮೆಲುಕು ಹಾಕುತ್ತಿರಬೇಕು. ಮೆಲುಕು ನಿಂತಿದ್ದರೆ ಅವತ್ತು ಬೇರೆ ಕೆಲಸ ಬದಿಗಿಡಿ.

ಅನುಮಾನ ಬಂದರೆ ಹಸುವಿನ ಎಡಗಡೆ ನಿಲ್ಲಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಒಂದು ಗುಳಿ ಇರುತ್ತದೆ. ಅಲ್ಲಿ ಮುಷ್ಟಿ ಒತ್ತಿ ಎರಡು ನಿಮಿಷ ಹಾಗೇ ಇಟ್ಟಿರಿ. ಹೊಟ್ಟೆ ಚೆನ್ನಾಗಿದ್ದರೆ ಒಳಗಿಂದ ಹೊರಳಿಕೊಂಡು ಬಂದು ಎರಡು ಮೂರು ಸಲ ಮುಷ್ಟಿಯನ್ನು ಹೊರಗೆ ತಳ್ಳುತ್ತದೆ. ಏನೂ ಅಲುಗಾಡದಿದ್ದರೆ ಹೊಟ್ಟೆ ಕೆಲಸ ನಿಲ್ಲಿಸಿದೆ ಅಂತ ತಿಳಿಯಿರಿ. ಗುಳಿ ತುಂಬಿ ಉಬ್ಬಿ, ಬೆರಳಲ್ಲಿ ತಟ್ಟಿದರೆ ಢಬಢಬ ಅಂದರೆ ಹೊಟ್ಟೆ ಉಬ್ಬರ. ಮೆಡಿಕಲ್ ಸ್ಟೋರಿನ ಥರ್ಮಾಮೀಟರ್ ಒಂದು ದನಕ್ಕೇ ಅಂತ ಇಟ್ಟುಕೊಳ್ಳಿ, ದಾರ ಕಟ್ಟಿ ಗುದದಲ್ಲಿ ಇಟ್ಟು ನೋಡುವುದು. 101ರಿಂದ 102.5ರವರೆಗೆ ಸರಿ. ಡಾಕ್ಟರಿಗೆ ಫೋನು ಮಾಡಿದಾಗ 'ಹುಷಾರಿಲ್ಲ ಸಾರ್' ಅಂದರೆ ಅವರಿಗೇನು ಗೊತ್ತಾಗುತ್ತದೆ? ಜ್ವರ ಇಷ್ಟಿದೆ, ಮೆಲುಕು ನಿಂತಿದೆ, ಸಗಣಿ ಹೀಗಿದೆ ಅಂತ ಹೇಳಿ. ಬರುವಾಗ ಬೇಕಾದ ಔಷಧಿಯನ್ನೇ ತರುತ್ತಾರೆ.

ತಿನ್ನಿಸುವ ಲೆಕ್ಕ

ಒಂದು ಹಸುವಿಗೆ ದಿನಕ್ಕೆ 20ರಿಂದ 25 ಕೆಜಿ ಹಸಿಮೇವು, ಐದಾರು ಕೆಜಿ ಒಣಹುಲ್ಲು. ಫೀಡು ದೇಹಕ್ಕೆ ಒಂದೂವರೆಯಿಂದ ಎರಡು ಕೆಜಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಹತ್ತು ಲೀಟರ್ ಹಸುವಿಗೆ ಹೆಚ್ಚುಕಮ್ಮಿ ಆರು ಕೆಜಿ ಆಯ್ತು. ಎರಡು ಹೊತ್ತಿಗೆ ಹಂಚಿ. ಹಸಿಮೇವು ಚೆನ್ನಾಗಿದ್ದರೆ ಸ್ವಲ್ಪ ಇಳಿಸಬಹುದು. ಮಿನರಲ್ ಮಿಕ್ಸ್ಚರ್ ದಿನಕ್ಕೆ 50 ಗ್ರಾಂ ಮಾತ್ರ ತಪ್ಪಿಸಬೇಡಿ. ಹಸು ಬೆದೆಗೆ ಬರುತ್ತಿಲ್ಲ, ಗಬ್ಬಕ್ಕೆ ಹಾಕಿಸುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕಟ್ಟುತ್ತಿಲ್ಲ ಅನ್ನುವವರ ಮನೆಯಲ್ಲಿ ಮೊದಲು ಕೇಳಬೇಕಾದ್ದು ಅದನ್ನೇ.

ಡೈರಿಯಲ್ಲಿ ಫ್ಯಾಟ್ ಕಮ್ಮಿ ಬಂತು ಅಂತ ಹಿಂಡಿ ಜಾಸ್ತಿ ಮಾಡುವವರಿದ್ದಾರೆ. ಫ್ಯಾಟ್ ಏರುವುದು ನಾರಿನಿಂದ, ಅಂದರೆ ಒಣಹುಲ್ಲಿನಿಂದ. ಮಳೆಗಾಲದಲ್ಲಿ ಎಳೆ ಹಸಿಮೇವನ್ನೇ ತಿಂದಾಗ ಹಾಲು ತೆಳ್ಳಗಾಗುತ್ತದೆ. ಆಗ ಬೆಳಿಗ್ಗೆ ಮೊದಲು ರಾಗಿ ಹುಲ್ಲು ಹಾಕಿ, ಆಮೇಲೆ ಹಸಿ.

ನೀರು ಬಾನಿಯಲ್ಲಿ ಯಾವಾಗಲೂ ಇರಲಿ. ಹಾಲು ಕೊಡುವ ಹಸು 60, 80 ಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ದಿನಕ್ಕೆರಡು ಸಲ ಕಲಗಚ್ಚು ತೋರಿಸಿ ನೀರು ಕುಡಿಸಿದೆ ಅನ್ನುವುದು ನಮ್ಮತ್ತೆ ಕಾಲದ ನಾಟಿ ಹಸುವಿಗೆ ಸಾಕಿತ್ತು, ಸೀಮೆ ಹಸುವಿಗೆ ಸಾಲದು.

ಹಬ್ಬದ ಮಾರನೇ ದಿನ ಹುಷಾರಾಗಿರಿ. ಮಿಕ್ಕಿದ ಅನ್ನ, ಪಾಯಸ, ಒಬ್ಬಟ್ಟಿನ ಹೂರಣ ದಂಡ ಮಾಡಬಾರದು ಅಂತ ಬಕೆಟ್‌ಗಟ್ಟಲೆ ಹಸುವಿಗೆ ಸುರಿಯುತ್ತಾರೆ. ಹೊಟ್ಟೆಯೊಳಗೆ ಎಲ್ಲಾ ಹುಳಿಯಾಗಿ ಹಸು ನೆಲ ಹಿಡಿಯುತ್ತದೆ. ನಮ್ಮೂರಿನ ಡಾಕ್ಟರಿಗೆ ಯುಗಾದಿ ಮಾರನೇ ದಿನ ಊಟ ಮಾಡಲು ಪುರುಸೊತ್ತು ಇರುವುದಿಲ್ಲ. ಮಿಕ್ಕಿದ್ದನ್ನು ತಿಪ್ಪೆಗೆ ಹಾಕಿದರೂ ಪಾಪ ಬರುವುದಿಲ್ಲ.

ಹಾಲು ಕರೆಯುವುದು, ಕೆಚ್ಚಲು ಬಾವು

ಕೆಚ್ಚಲು ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಕೈ ಹಾಕಿ. ತೊಳೆದಾಗಿನಿಂದ ಹಸು ಹಾಲು ಇಳಿಸಲು ಶುರು ಮಾಡುತ್ತದೆ, ಏಳೆಂಟು ನಿಮಿಷ ಅಷ್ಟೇ ಅದರ ಅವಧಿ. ಆಗಲೇ ಕರೆದು ಮುಗಿಸಬೇಕು. ಮಧ್ಯೆ ಫೋನು ಬಂತು ಅಂತ ಎದ್ದು ಹೋದರೆ ಉಳಿದ ಹಾಲು ಕೆಚ್ಚಲಲ್ಲೇ ನಿಲ್ಲುತ್ತದೆ. ಹೆಬ್ಬೆರಳು ಮಡಚಿ ಗೆಣ್ಣಿನಿಂದ ಒತ್ತಿ ಕರೆಯುವುದು ನಮ್ಮ ಕಡೆ ರೂಢಿ. ಅದರಿಂದ ತೊಟ್ಟಿನ ಒಳಗೆ ಗಾಯವಾಗುತ್ತದೆ. ಐದೂ ಬೆರಳು ಸುತ್ತಿ ಮುಷ್ಟಿಯಲ್ಲಿ ಹಿಂಡುವುದನ್ನೇ ಕಲಿಯಿರಿ.

ಮೊದಲ ನಾಲ್ಕು ಧಾರೆ ಪಾತ್ರೆಗೆ ಬೇಡ. ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡಿ. ಸಣ್ಣ ಗಡ್ಡೆ, ನೂಲಿನಂಥದ್ದು, ನೀರು ಹಾಲು ಕಂಡರೆ ಕೆಚ್ಚಲು ಬಾವಿನ ಶುರು. ಕರೆದಾದ ಮೇಲೆ ತೊಟ್ಟುಗಳನ್ನು ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಆ ಮೇಲೆ ಅರ್ಧ ಗಂಟೆ ಹಸು ಮಲಗಬಾರದು, ತೊಟ್ಟಿನ ಬಾಯಿ ಇನ್ನೂ ತೆರೆದಿರುತ್ತದೆ. ಮಲಗಬೇಡ ಅಂದರೆ ಕೇಳುತ್ತದಾ? ಅದಕ್ಕೇ ಒಳ್ಳೆಯ ಮೇವನ್ನು ಆ ಹೊತ್ತಿಗೇ ಹಾಕುವುದು.

ಬಾವಿನ ಶುರುವಿನಲ್ಲಿ ನಾನು ಮಾಡುವ ಮದ್ದು ಲೋಳೆಸರದ್ದು. ಹಾಲು ಒಕ್ಕೂಟಗಳ ತರಬೇತಿಯಲ್ಲೂ ಇದನ್ನು ಹೇಳಿಕೊಡುತ್ತಾರೆ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆಗೆ ಹಾಕುವ ಸುಣ್ಣ 15 ಗ್ರಾಂ. ಲೋಳೆಸರದ ಮುಳ್ಳು ತೆಗೆದು, ಸಿಪ್ಪೆ ಸಮೇತ ಹೆಚ್ಚಿ ಮೂರನ್ನೂ ರುಬ್ಬಿ. ಸುಣ್ಣ ಸೇರಿದ ಕೂಡಲೇ ಅರಿಶಿನ ಕೆಂಪಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕೆಚ್ಚಲಿನ ಹಾಲನ್ನೆಲ್ಲ ಹಿಂಡಿ ತೆಗೆದು, ತೊಳೆದು, ಒಂದು ಹಿಡಿ ಮದ್ದಿಗೆ ಒಂದು ಲೋಟ ನೀರು ಬೆರೆಸಿ ಕೆಚ್ಚಲಿಗೆಲ್ಲ ಸವರಿ. ದಿನಕ್ಕೆ ಹತ್ತು ಸಲ, ಐದು ದಿನ. ಸವರುವ ಮುಂಚೆ ಪ್ರತಿ ಸಲವೂ ಹಳೆಯದನ್ನು ತೊಳೆಯಬೇಕು. ದಿನದಿನದ ಮದ್ದು ದಿನದಿನವೇ ರುಬ್ಬಿಕೊಳ್ಳಿ. ಜ್ವರ ಇದ್ದರೆ, ಹಾಲಲ್ಲಿ ರಕ್ತ ಬಂದರೆ, ಕೆಚ್ಚಲು ಕಲ್ಲಾಗಿದ್ದರೆ ಇದನ್ನೇ ನೆಚ್ಚಿಕೊಂಡು ಕೂರಬೇಡಿ, ಡಾಕ್ಟರನ್ನು ಕರೆಸಿ. ಆಂಟಿಬಯೋಟಿಕ್ ಕೊಡಿಸಿದರೆ ಎಷ್ಟು ದಿನ ಹಾಲು ಡೈರಿಗೆ ಹಾಕಬಾರದು ಅಂತ ಕೇಳಿ, ಅಷ್ಟು ದಿನವೂ ಚೆಲ್ಲಿ. ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಡೈರಿಗೆ ಹಾಕಿದರೆ ಆ ಹಾಲನ್ನು ಯಾರದೋ ಮನೆಯ ಮಗು ಕುಡಿಯುತ್ತದೆ.

ಮದ್ದಿನ ಮಾತು ಬಂತು ಅಂತ ಇನ್ನೊಂದು. ಕೆಮ್ಮಿದರೆ, ಕಾಲು ಊದಿದರೆ ಕಬ್ಬಿಣ ಕಾಯಿಸಿ ಬರೆ ಹಾಕುವವರು ಇನ್ನೂ ಇದ್ದಾರೆ. ಒಳಗಿನ ನೋವಿನ ಜೊತೆ ಸುಟ್ಟ ಗಾಯವೂ ಸೇರುತ್ತದೆ, ಅದಕ್ಕೆ ಹುಳ ಬೀಳುತ್ತದೆ. ಅಂಥವರನ್ನು ಕೊಟ್ಟಿಗೆಗೆ ಸೇರಿಸಬೇಡಿ. ಗೊಟ್ಟದಲ್ಲಿ (ಬಿದಿರಿನ ಕೊಳವೆಯಲ್ಲಿ) ಔಷಧಿ ಕುಡಿಸುವಾಗಲೂ ಅಷ್ಟೇ, ನಾಲಿಗೆ ಹೊರಗೆಳೆದು, ತಲೆ ಆಕಾಶಕ್ಕೆ ಎತ್ತಿ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಸು ನಿಂತಿರಬೇಕು, ತಲೆ ಸ್ವಲ್ಪವೇ ಎತ್ತಿ, ಗುಟುಕು ಗುಟುಕಾಗಿ ಕುಡಿಸಿ.

ಬೆದೆ ಮತ್ತು ಕರು

ಹಾಲಿನ ಲೆಕ್ಕ ನಿಂತಿರುವುದು ವರ್ಷಕ್ಕೊಂದು ಕರುವಿನ ಮೇಲೆ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಕೂಗುತ್ತದೆ, ಮೇವು ಬಿಡುತ್ತದೆ, ಹಾಲು ಕಮ್ಮಿ ಮಾಡುತ್ತದೆ, ಪಕ್ಕದ ಹಸುವಿನ ಮೇಲೆ ಹತ್ತುತ್ತದೆ. ಬಾಲದ ಕೆಳಗೆ ತಿಳಿಯಾದ, ಕಡಿಯದೆ ಎಳೆಯಾಗಿ ಇಳಿಯುವ ಲೋಳೆ ಕಾಣುತ್ತದೆ. ಕೆಲವು ಹಸು ಕೂಗುವುದೇ ಇಲ್ಲ. ಅಂಥದ್ದಕ್ಕೆ ಬೆಳಗಿನ ಆ ಐದು ನಿಮಿಷವೇ ಗತಿ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಇಂಜೆಕ್ಷನ್ ಹಾಕಿಸಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, 21ನೇ ದಿನದ ಮೇಲೂ ಒಂದು ಗುರುತು. ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ. ಕರು ಹಾಕಲು ಎರಡು ತಿಂಗಳಿದೆ ಅನ್ನುವಾಗ ಹಾಲು ಬತ್ತಿಸಿ. ಕೊನೆವರೆಗೂ ಕರೆದರೆ ಮುಂದಿನ ಸೂಲಿನಲ್ಲಿ ಹಸು ಸೇಡು ತೀರಿಸಿಕೊಳ್ಳುತ್ತದೆ.

ಕರು ಬಿದ್ದ ಕೂಡಲೇ ಮೂಗು ಬಾಯಿ ಒರೆಸಿ, ತಾಯಿಗೆ ನೆಕ್ಕಲು ಬಿಡಿ. ಹೊಕ್ಕುಳನ್ನು ಎರಡು ಇಂಚು ಬಿಟ್ಟು ದಾರ ಕಟ್ಟಿ, ಹೊಸ ಬ್ಲೇಡಿನಲ್ಲಿ ಕತ್ತರಿಸಿ, ಟಿಂಚರ್ ಅಯೋಡಿನ್ ಹಚ್ಚಿ. ಗಿಣ್ಣುಹಾಲು ಒಂದು ಗಂಟೆಯೊಳಗೆ ಕರುವಿನ ಹೊಟ್ಟೆಗೆ ಹೋಗಬೇಕು. ಕಸ (ಕರುವಿನ ಹಿಂದೆ ಬೀಳುವ ಮಾಸು) ಬೀಳುವವರೆಗೂ ಹಾಲು ಕುಡಿಸಬಾರದು ಅನ್ನುವ ಮಾತು ನಮ್ಮ ಕಡೆ ಈಗಲೂ ಇದೆ. ತಪ್ಪು ಅದು. ಕರು ಕುಡಿದರೆ ಕಸ ಬೀಳುವುದಕ್ಕೂ ಒಳ್ಳೆಯದು, ಕರುವಿಗೆ ರೋಗ ತಡೆಯುವ ಶಕ್ತಿ ಬರುವುದೂ ಆ ಹಾಲಿನಿಂದಲೇ. 30 ಕೆಜಿ ಕರುವಿಗೆ ದಿನಕ್ಕೆ ಮೂರು ಲೀಟರ್, ಎರಡು ಮೂರು ಸಲ ಹಂಚಿ. ಮಿಕ್ಕಿದ್ದರಲ್ಲಿ ನೀವು ಗಿಣ್ಣು ಮಾಡಿಕೊಂಡು ತಿನ್ನಿ, ಬೆಲ್ಲ ಏಲಕ್ಕಿ ಹಾಕಿ. ಹನ್ನೆರಡು ಗಂಟೆಯಾದರೂ ಕಸ ಬೀಳದಿದ್ದರೆ ಡಾಕ್ಟರಿಗೆ ಹೇಳಿ. ಕಲ್ಲು ಕಟ್ಟಿ ನೇತು ಹಾಕುವುದು, ಎಳೆಯುವುದು ಬೇಡ.

ಕರು ಹಾಕಿದ ಮೂರು ದಿನದೊಳಗೆ ಹಸು ತೂರಾಡಿ ಮಲಗಿ, ಕತ್ತನ್ನು ಪಕ್ಕೆಗೆ ಮಡಚಿಕೊಂಡು, ಕಿವಿ ತಣ್ಣಗಾದರೆ ಹಾಲು ಜ್ವರ. ಹೆಸರಿಗೆ ಜ್ವರ, ಮೈ ತಣ್ಣಗಿರುತ್ತದೆ. ಸುಣ್ಣದ ಅಂಶ ಪೂರ್ತಿ ಹಾಲಿಗೆ ಇಳಿದುಹೋಗಿರುತ್ತದೆ. ಡಾಕ್ಟರ್ ಬಂದು ರಕ್ತಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬಾಟಲಿ ಮುಗಿದ ಸ್ವಲ್ಪ ಹೊತ್ತಿಗೇ ಎದ್ದು ನಿಲ್ಲುವುದುಂಟು. ಬೆಳಗಾಗಲಿ ನೋಡೋಣ ಅಂತ ಕಾಯುವ ಕಾಯಿಲೆ ಅಲ್ಲ ಇದು.

ಮೇಕೆ, ಕೋಳಿ

ಮೇಕೆಗೆ ನಾನು ಹೆಚ್ಚು ಹೇಳುವುದಿಲ್ಲ, ಅವಕ್ಕೆ ನಮಗಿಂತ ಬುದ್ಧಿ ಜಾಸ್ತಿ. ಒಣ ನೆಲ, ಎತ್ತರದಲ್ಲಿ ಕಟ್ಟಿದ ಸೊಪ್ಪು, ಮಳೆಯಲ್ಲಿ ನೆನೆಯದ ಜಾಗ ಇದ್ದರೆ ಸಾಕು. ಐದು ತಿಂಗಳಿಗೆ ಮರಿ ಹಾಕುತ್ತವೆ. ಮಳೆ ಹಿಡಿಯುವ ಮುಂಚೆ ಜಂತುಹುಳದ ಔಷಧಿ, ಪಿಪಿಆರ್ (ಆಡು ಕುರಿಗಳ ಪ್ಲೇಗ್) ಲಸಿಕೆ ಹಾಕಿಸಿ. ಬೆಳಗಿನ ಇಬ್ಬನಿ ಆರಿದ ಮೇಲೆ ಮೇಯಲು ಬಿಡಿ. ದುಡ್ಡಿನ ತುರ್ತು ಬಂದಾಗ ಒಂದು ಹೋತ ಮಾರಿದರೆ ಕೆಲಸ ಆಗುತ್ತದೆ, ಹಸು ಮಾರುವ ಗತಿ ಬರುವುದಿಲ್ಲ.

ನಾಟಿ ಕೋಳಿ ಕಾವಿಗೆ ಕೂತಾಗ ಮಂಕರಿಗೆ ಒಣಹುಲ್ಲು ಹಾಸಿ ಹತ್ತು ಹನ್ನೆರಡು ಮೊಟ್ಟೆ ಇಡಿ. ಏಳನೇ ರಾತ್ರಿ ಟಾರ್ಚ್ ಹಿಡಿದು ನೋಡಿ. ಕೆಂಪು ನರ ಕಂಡರೆ ಮರಿ ಕಟ್ಟಿದೆ, ಬರೀ ತಿಳಿ ಇದ್ದರೆ ತೆಗೆದುಬಿಡಿ. 21 ದಿನಕ್ಕೆ ಮರಿ. ಊರಿಗೆ ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಒಂದೇ ವಾರಕ್ಕೆ ಗೂಡು ಖಾಲಿ. ಮರಿಗೆ ಒಂದು ವಾರ ಆಗುವಾಗ ಅದರ ಲಸಿಕೆ ಲಸೋಟ ಹನಿ ಕಣ್ಣಿಗೆ ಹಾಕಿಸಿ, ಎರಡು ತಿಂಗಳ ಹೊತ್ತಿಗೆ ರೆಕ್ಕೆಯ ಅಡಿ ಇಂಜೆಕ್ಷನ್. ಲಸಿಕೆ ಬಾಟಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಂಡರೆ ತಲೆಗೆ ಹೆಚ್ಚು ಬೀಳುವುದಿಲ್ಲ.

ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಇಲಾಖೆಯವರೇ ಬಂದು ಹಾಕುತ್ತಾರೆ, ದುಡ್ಡಿಲ್ಲ. 'ಲಸಿಕೆ ಹಾಕಿದರೆ ಹಾಲು ಕಮ್ಮಿಯಾಗುತ್ತದೆ' ಅಂತ ದನವನ್ನು ಹೊಲದಲ್ಲಿ ಬಚ್ಚಿಡುವವರನ್ನು ನೋಡಿದ್ದೇನೆ. ಎರಡು ದಿನ ಸ್ವಲ್ಪ ಕಮ್ಮಿಯಾಗುತ್ತದೆ, ಅಷ್ಟೇ. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರುಸೆಲ್ಲಾ (ಗಬ್ಬ ಕಂದಿಸುವ ರೋಗ) ಲಸಿಕೆ ಒಂದೇ ಸಲ. ಚರ್ಮಗಂಟು ರೋಗ 2022ರಲ್ಲಿ ಎಷ್ಟು ದನ ತಿಂದಿತು ಅಂತ ಎಲ್ಲರಿಗೂ ನೆನಪಿದೆ, ಆ ಲಸಿಕೆಯನ್ನೂ ಬಿಡಬೇಡಿ.

ಮನೆ ಬಿಟ್ಟು ಹೋಗುವುದು

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಸು ಕಟ್ಟಿದವರು ಮದುವೆಗೆ ಹೋಗುವುದು ಹೇಗೆ? ಗಂಡ ಮದುವೆಗೆ, ಹೆಂಡತಿ ಕೊಟ್ಟಿಗೆಗೆ ಅನ್ನುವುದು ನಮ್ಮ ಊರುಗಳ ಪದ್ಧತಿ, ನನಗದು ಒಪ್ಪಿಗೆ ಇಲ್ಲ. ಮನೆಯಲ್ಲಿ ಇಬ್ಬರಿಗಾದರೂ ಕರೆಯಲು ಬರಬೇಕು. ಪಕ್ಕದ ಮನೆಯ ಒಬ್ಬರ ಜೊತೆ ಮುಯ್ಯಿ ಇಟ್ಟುಕೊಳ್ಳಿ, ಅವರು ಹೋದಾಗ ನೀವು, ನೀವು ಹೋದಾಗ ಅವರು. ಹೊಸ ಕೈಗೆ ಹಸು ಹಾಲು ಇಳಿಸುವುದಿಲ್ಲ. ಅದಕ್ಕೆ ಹೊರಡುವ ಮುಂಚೆ ಕೆಲವು ದಿನ ಅವರು ನಿಮ್ಮ ಪಕ್ಕದಲ್ಲೇ ಕೂತು ಕರೆಯಲಿ.

ಫೀಡನ್ನು ಕೆಜಿಯಲ್ಲಿ ಹೇಳಬೇಡಿ, ಡಬ್ಬದ ಲೆಕ್ಕದಲ್ಲಿ ಹೇಳಿ. 'ಗೌರಿಗೆ ಮೂರು ಡಬ್ಬ, ಕೆಂಪಿಗೆ ಎರಡು' ಅಂತ ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಅದರ ಕೆಳಗೆ ನಿಮ್ಮ ಡಾಕ್ಟರ್ ನಂಬರ್, ಪಶು ಸಂಚಾರಿ ಗಾಡಿಯ 1962. ಹೊಸ ಮೂಟೆ ಫೀಡು ಆ ಎರಡು ದಿನಕ್ಕೆ ಶುರು ಮಾಡಿಸಬೇಡಿ, ಹಳೆಯದೇ ನಡೆಯಲಿ. ಡೈರಿ ಕಾರ್ಡನ್ನು ಕ್ಯಾನಿನ ಹಿಡಿಗೇ ಕಟ್ಟಿ ಹೋಗಿ, ಇಲ್ಲಾಂದರೆ ನಿಮ್ಮ ಹಾಲು ಪಕ್ಕದ ಮನೆಯವರ ಲೆಕ್ಕಕ್ಕೆ ಬೀಳುತ್ತದೆ, ಬಟವಾಡೆ ದಿನ ಸುಮ್ನೆ ಮನಸ್ತಾಪ.